ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಗೇರ್ ಬಾಕ್ಸ್ ಇಳಿಸುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆಗಳು

ಎರಡು ವರ್ಷದ ಹಿಂದಿನ ಜುಲೈ. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಮಂಜು, ಜಿಟಿಜಿಟಿ ಮಳೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಎದುರಿಗೆ ಬಸ್ ಬಂತು, ಕಾರು ನಿಲ್ಲಿಸಿದೆ. ಬಸ್ ದಾಟಿ ಹೋಯಿತು. ಫಸ್ಟ್ ಗೇರ್ ಹಾಕಲು ಹೋದರೆ ಬೀಳಲೇ ಇಲ್ಲ. ಲಿವರ್ ಗೋಡೆಗೆ ಒತ್ತಿದ ಹಾಗೆ ಅಲ್ಲೇ ನಿಂತಿತು. ಸೆಕೆಂಡ್ ಕೂಡ ಅಷ್ಟೇ. ರಿವರ್ಸ್ ಹಾಕಿದರೆ ಕರ್ರ್ ಅಂತ ಹಲ್ಲು ಕಡಿಯುವ ಸದ್ದು.

ಹಿಂದಿನ ವಾರವಷ್ಟೇ ಇದೇ ಸದ್ದನ್ನು ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. ಅವರು ಲಿವರನ್ನು ನಾಲ್ಕು ಸಲ ಆಚೀಚೆ ಆಡಿಸಿ, "ಸಿಂಕ್ರೋ ಹೋಗಿದೆ ಸಾರ್, ಗೇರ್ ಬಾಕ್ಸ್ ಇಳಿಸಬೇಕು" ಅಂದಿದ್ದರು. ಆ ತಿರುವಿನಲ್ಲಿ ಮನಸ್ಸಿಗೆ ಬಂದದ್ದು ಅದೇ ಮಾತು. ಮುಗೀತು, ಇನ್ನು ಟೋ ಮಾಡಿಸುವುದೇ ಗತಿ ಅಂದುಕೊಂಡೆ.

ಹಿಂದೆ ನಿಂತಿದ್ದ ಲಾರಿಯಿಂದ ಡ್ರೈವರ್ ಇಳಿದು ಬಂದರು. ಬಂದವರು ಕೇಳಿದ್ದು ಒಂದೇ ಮಾತು. "ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ ಸಾರ್." ಆಫ್ ಮಾಡಿ ಹಾಕಿದೆ. ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಐದೂ ಗೇರ್ ಬಿದ್ದವು. "ಗೇರ್ ಬಾಕ್ಸ್‌ಗೆ ಏನೂ ಆಗಿಲ್ಲ ಬಿಡಿ. ಕ್ಲಚ್ ಬಿಡ್ತಿಲ್ಲ ಅಷ್ಟೇ. ಪೆಡಲ್ ಐದಾರು ಸಲ ಪಂಪ್ ಮಾಡಿ, ಕೊನೇ ಸಲ ಒತ್ತಿ ಹಿಡ್ಕೊಂಡೇ ಫಸ್ಟ್ ಹಾಕಿ." ಹಾಗೇ ಮಾಡಿದೆ. ಬಿತ್ತು. ಪ್ರತಿ ಗೇರಿಗೂ ಪಂಪ್ ಮಾಡುತ್ತಾ ನಿಧಾನವಾಗಿ ಮೂಡಿಗೆರೆ ಸೇರಿದೆವು. ಅಲ್ಲಿನ ಮೆಕ್ಯಾನಿಕ್ ಕಾರಿನ ಅಡಿಯಿಂದ ತೆಗೆದದ್ದು ಹೆಬ್ಬೆರಳ ಉಗುರಿನಷ್ಟು ದೊಡ್ಡ ರಬ್ಬರ್ ಕಪ್. ಪೆಡಲ್ ಒತ್ತಿದಾಗ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನದು. ಅಂಚು ಸವೆದು ಆಯಿಲ್ ಸೋರುತ್ತಿತ್ತು. ಗೇರ್ ಬಾಕ್ಸಿನ ಒಂದು ಬೋಲ್ಟನ್ನೂ ಮುಟ್ಟದೆ ಕೆಲಸ ಮುಗಿಯಿತು.

ಅವತ್ತಿನಿಂದ ಯಾರು "ಗೇರ್ ಪ್ರಾಬ್ಲಮ್" ಅಂದರೂ ನಾನು ಮೊದಲು ಹೇಳುವುದು ಇದನ್ನೇ. ತೊಂದರೆ ಗೊತ್ತಾಗುವುದು ಕೈಗೆ. ಆದರೆ ಅದು ಹುಟ್ಟುವುದು ಬಹಳ ಸಲ ಕಾಲಿನ ಹತ್ತಿರ. ಹಾಗಾಗಿ ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ, ಖರ್ಚಿನದಕ್ಕೆ ಕೊನೆಗೆ ಹೋಗಬೇಕು. ಈ ಬರಹದ ಕ್ರಮವೂ ಅದೇ.

ಒಳಗೆ ನಡೆಯುವುದೇನು

ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ಇದೆ. ಅದಕ್ಕೆ ಪ್ರೆಶರ್ ಪ್ಲೇಟ್ ಕಟ್ಟಿರುತ್ತದೆ. ಎರಡರ ನಡುವೆ ಚಪಾತಿಯ ಹಾಗೆ ಸಿಕ್ಕಿಕೊಂಡಿರುವುದೇ ಕ್ಲಚ್ ಪ್ಲೇಟ್. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸ್‌ಗೆ ಹೋಗುವುದು ಈ ಪ್ಲೇಟಿನ ಮೂಲಕ. ನೀವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಮುಂದೆ ಹೋಗಿ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತುತ್ತದೆ. ಹಿಡಿತ ಸಡಿಲವಾಗಿ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ.

ಇನ್ನು ಗೇರ್ ಬಾಕ್ಸ್. ಅದರೊಳಗೆ ಗಾಡಿಯನ್ನು ಮುಂದಕ್ಕೆ ಓಡಿಸುವ ಗೇರುಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಲಿವರ್ ಸರಿಸುವುದು ಗೇರನ್ನಲ್ಲ, ಅದನ್ನು ಶಾಫ್ಟಿಗೆ ಜೋಡಿಸುವ ಸ್ಲೀವನ್ನು. ಸ್ಲೀವ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಚಲಿಸುವ ಬಸ್ ಹತ್ತುವವನು ಮೊದಲು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಆಮೇಲೆ ಕಾಲಿಡುತ್ತಾನೆ ಅಲ್ವಾ? ಗೇರ್ ಬಾಕ್ಸಿನಲ್ಲಿ ಹಾಗೆ ಜೊತೆಗೆ ಓಡಿ ವೇಗ ಹೊಂದಿಸುವುದು ಸಿಂಕ್ರೋ ರಿಂಗ್. ಹೆಚ್ಚಾಗಿ ಹಿತ್ತಾಳೆಯದು. ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡದಿದ್ದರೆ ಎಂಜಿನ್ ಆ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಪಾಪ, ಸಿಂಕ್ರೋ ಎಷ್ಟು ಓಡಿದರೂ ಬಸ್ ಸಿಗುವುದಿಲ್ಲ.

ಈ ಸಿಂಕ್ರೋ ಕಾರುಗಳಿಗೆ ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಅದಕ್ಕೂ ಮೊದಲು ಡ್ರೈವರ್ ತಾನೇ ಕಿವಿಯಿಂದ ಕೇಳಿ ವೇಗ ಹೊಂದಿಸಬೇಕಿತ್ತು. ನಮ್ಮ ಹಳೆಯ ಲಾರಿ ಡ್ರೈವರುಗಳು ಒಂದು ಗೇರಿಗೆ ಎರಡು ಸಲ ಕ್ಲಚ್ ಒತ್ತುತ್ತಿದ್ದದ್ದು ಅದಕ್ಕೇ. ಆ ವಿದ್ಯೆ ಕೆಳಗೆ ಒಂದು ಪರೀಕ್ಷೆಯಲ್ಲಿ ನಮಗೂ ಬೇಕಾಗುತ್ತದೆ.

ಮೊದಲು ತೊಂದರೆಗೆ ಸರಿಯಾದ ಹೆಸರು ಕೊಡಿ

"ಗೇರ್ ಸರಿ ಇಲ್ಲ" ಅಂದರೆ ಮೆಕ್ಯಾನಿಕ್‌ಗೆ ಏನೂ ಗೊತ್ತಾಗುವುದಿಲ್ಲ. ಗೇರ್ ಗಟ್ಟಿಯಾಗಿದೆಯೇ? ಕರ್ರ್ ಅನ್ನುತ್ತದೆಯೇ? ಬಿದ್ದ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆಯೇ? ಅಥವಾ ಗೇರ್ ಬೀಳುತ್ತದೆ, ಆದರೆ ಗಾಡಿ ಎಳೆಯುವುದಿಲ್ಲವೇ? ಈ ನಾಲ್ಕಕ್ಕೂ ಕಾರಣ ಬೇರೆ ಬೇರೆ. ಎರಡು ದಿನ ಓಡಿಸುವಾಗ ಗಮನವಿಟ್ಟು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಿ. ಮನೆಗೆ ಬಂದು ಮೊಬೈಲಿನಲ್ಲಿ ಬರೆದಿಡಿ. ಯಾವ ಗೇರ್, ಏರಿಸುವಾಗಲೋ ಇಳಿಸುವಾಗಲೋ, ಬೆಳಿಗ್ಗೆ ತಣ್ಣಗಿದ್ದಾಗಲೋ ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೋ. ಒಂದೇ ಗೇರಿನ ತೊಂದರೆಯೋ ಎಲ್ಲಾ ಗೇರಿನದೋ ಎಂಬುದಂತೂ ಬಹಳ ಮುಖ್ಯ. ಎಲ್ಲಾ ಗೇರಿಗೂ ಇದ್ದರೆ ಕ್ಲಚ್, ಲಿಂಕೇಜ್ (ಲಿವರಿನಿಂದ ಗೇರ್ ಬಾಕ್ಸ್‌ವರೆಗಿನ ಜೋಡಣೆ) ಅಥವಾ ಗೇರ್ ಆಯಿಲ್ ಕಡೆ ನೋಡಿ. ಒಂದೇ ಗೇರಿಗೆ ಇದ್ದರೆ ಒಳಗಡೆ.

ಎರಡು ವಿಷಯ ತೊಂದರೆಯೇ ಅಲ್ಲ. ನಿಂತ ಕಾರಿನಲ್ಲಿ ಅಪರೂಪಕ್ಕೊಮ್ಮೆ ಫಸ್ಟ್ ಬೀಳದೆ ತಡೆದರೆ, ಹಲ್ಲಿನ ತುದಿಗೆ ಹಲ್ಲಿನ ತುದಿ ಎದುರಾಗಿದೆ ಅಂತ ಅರ್ಥ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟು ಮತ್ತೆ ಒತ್ತಿ, ಬೀಳುತ್ತದೆ. ಹಾಗೆಯೇ ಮಡಿಕೇರಿ, ಚಿಕ್ಕಮಗಳೂರಿನಂಥ ಕಡೆ ಚಳಿಗಾಲದ ಬೆಳಿಗ್ಗೆ ಮೊದಲ ಒಂದೆರಡು ಕಿಲೋಮೀಟರ್ ಸೆಕೆಂಡ್ ಗೇರ್ ಸ್ವಲ್ಪ ಬಿಗಿ ಅನ್ನಿಸುವುದು ಸಹಜ. ಆಯಿಲ್ ಬಿಸಿಯಾದರೆ ಸರಿಹೋಗುತ್ತದೆ.

ಹಂತ 1: ಮ್ಯಾಟ್ ಎತ್ತಿ ನೋಡಿ

ನಿಜವಾಗಿ ಹೇಳುತ್ತಿದ್ದೇನೆ. ಕಂಪನಿ ಮ್ಯಾಟ್ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ದಪ್ಪನೆಯ ಲೆದರ್ ಮ್ಯಾಟ್ ಹಾಕಿದ ಕಾರುಗಳು ಎಷ್ಟೋ ಇವೆ. ಕ್ಲಚ್ ಪೆಡಲ್ ಕೊನೆಯವರೆಗೆ ಹೋಗುವ ಮೊದಲೇ ಮ್ಯಾಟಿಗೆ ಬಡಿದು ನಿಲ್ಲುತ್ತದೆ. ಕೊನೆಯ ಆ ಒಂದೆರಡು ಸೆಂಟಿಮೀಟರಿನಲ್ಲೇ ಕ್ಲಚ್ ಪೂರ್ತಿ ಬಿಡುವುದು. ಎಲ್ಲಾ ಮ್ಯಾಟ್ ತೆಗೆದು, ಸೀಟನ್ನು ಒಂದು ಹಲ್ಲು ಮುಂದೆ ಎಳೆದುಕೊಂಡು, ಪೆಡಲನ್ನು ನೆಲ ಮುಟ್ಟುವಷ್ಟು ಒತ್ತಿ ಗೇರ್ ಹಾಕಿ. ಸರಿಯಾಗಿ ಬಿದ್ದರೆ ನಿಮ್ಮ ಕೆಲಸ ಇಲ್ಲಿಗೇ ಮುಗಿಯಿತು.

ಹಂತ 2: ಎಂಜಿನ್ ಆಫ್, ಎಂಜಿನ್ ಆನ್

ಸಮತಟ್ಟಾದ, ಖಾಲಿ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಆಫ್ ಮಾಡಿ. ಕ್ಲಚ್ ಪೂರ್ತಿ ಒತ್ತಿ ಫಸ್ಟ್‌ನಿಂದ ಟಾಪ್‌ವರೆಗೆ, ಆಮೇಲೆ ರಿವರ್ಸ್, ಹೀಗೆ ಎರಡು ಸುತ್ತು ಹಾಕಿ. ನಂತರ ಬ್ರೇಕ್ ಮೇಲೆ ಕಾಲಿಟ್ಟು, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ ಅದನ್ನೇ ಮತ್ತೆ ಮಾಡಿ.

ಆಫ್ ಇದ್ದಾಗ ಸಲೀಸು, ಆನ್ ಆದಾಗ ಕಷ್ಟ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಹಂತ 3ಕ್ಕೆ ಹೋಗಿ. ಆಫ್ ಇದ್ದಾಗಲೂ ಗಟ್ಟಿ, ಆನ್ ಆದಾಗಲೂ ಗಟ್ಟಿ ಅಂದರೆ ಲಿಂಕೇಜ್ ಅಥವಾ ಆಯಿಲ್ ಮೇಲೆ ಅನುಮಾನ. ಹಂತ 5, 6 ನೋಡಿ. ನಿಂತಾಗ ಎರಡೂ ಸಲೀಸು, ಓಡುವಾಗ ಮಾತ್ರ ಒಂದು ಗೇರ್ ಕರ್ರ್ ಅಂದರೆ ಸಿಂಕ್ರೋ ಇರಬಹುದು. ಹಂತ 7. ಇಡೀ ಬರಹದಲ್ಲಿ ಒಂದೇ ಪರೀಕ್ಷೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಂತ 3: ಕ್ಲಚ್ ಬಿಡುತ್ತಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳುವುದು

ಎಂಜಿನ್ ಬಿಸಿಯಾಗಿ ನಿಧಾನಕ್ಕೆ ಓಡುತ್ತಿರಲಿ. ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ ಇರುವುದಿಲ್ಲ. ಕ್ಲಚ್ ಒತ್ತಿದ ತಕ್ಷಣ ಹಾಕಿದರೆ ಶಾಫ್ಟ್ ಇನ್ನೂ ತಿರುಗುತ್ತಿರುತ್ತದೆ, ಸಣ್ಣಗೆ ಸದ್ದು ಬರುವುದು ಸಹಜ. ಐದು ಎಣಿಸುವಷ್ಟರಲ್ಲಿ ಅದು ನಿಂತಿರಬೇಕು. ಆಮೇಲೂ ಕರ್ರ್ ಅಂದರೆ ಎಂಜಿನ್ ಅದನ್ನು ಎಳೆಯುತ್ತಲೇ ಇದೆ. ನನ್ನ ಕಾರು ವಾರದ ಮುಂಚೆಯೇ ಇದನ್ನು ಹೇಳುತ್ತಿತ್ತು. ಕೇಳಿಸಿಕೊಳ್ಳುವುದು ಗೊತ್ತಿರಲಿಲ್ಲ.

ಇನ್ನೊಂದು ಗುರುತು: ಕ್ಲಚ್ ಪೂರ್ತಿ ಒತ್ತಿ ಫಸ್ಟ್‌ನಲ್ಲಿದ್ದಾಗ ಕಾರು ಮೆಲ್ಲಗೆ ಮುಂದೆ ತೆವಳುತ್ತದೆ. ಮೂರನೆಯದು ಪಂಪ್ ಪರೀಕ್ಷೆ. ಒಂದು ಸಲ ಒತ್ತಿದರೆ ಬೀಳದ ಗೇರ್ ಐದಾರು ಸಲ ಪಂಪ್ ಮಾಡಿದ ಮೇಲೆ ಬಿದ್ದರೆ, ತೊಂದರೆ ಆಯಿಲ್ ಒತ್ತಡದ್ದು.

ಈಗ ನಿಮ್ಮದು ಯಾವ ಥರದ ಕ್ಲಚ್ ಎಂದು ತಿಳಿಯಬೇಕು. ಮಾರುತಿ 800, ಆಲ್ಟೊ ಥರದವು ಕ್ಲಚ್ ವೈರ್ ಇರುವ ಗಾಡಿಗಳು. ಬಾನೆಟ್ ತೆಗೆದರೆ ಪೆಡಲ್ ಕಡೆಯಿಂದ ದಪ್ಪ ಕಪ್ಪು ಕೇಬಲ್ ಗೇರ್ ಬಾಕ್ಸಿನ ಮೇಲಿನ, ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕಿಗೆ ಹೋಗಿರುವುದು ಕಾಣುತ್ತದೆ. ಅದಿಲ್ಲದೆ, ಬ್ರೇಕ್ ಆಯಿಲ್ ಡಬ್ಬಿಯಿಂದ ಒಂದು ಸಣ್ಣ ರಬ್ಬರ್ ಪೈಪ್ ಪಕ್ಕಕ್ಕೆ ಹೋಗಿದ್ದರೆ ಅದು ಹೈಡ್ರಾಲಿಕ್, ಅಂದರೆ ವೈರ್ ಬದಲು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್.

*ವೈರ್ ಇರುವ ಗಾಡಿ.* ಪೆಡಲನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಭಾರ ಸಿಗುವ ಮೊದಲು ಸುಮ್ನೆ ಹೋಗುವ ದೂರಕ್ಕೆ ಫ್ರೀ ಪ್ಲೇ ಅನ್ನುತ್ತಾರೆ. ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಆಸುಪಾಸು ಇರುತ್ತದೆ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಇಲ್ಲವೇ ಇಲ್ಲ ಅಂದರೆ ಪೂರ್ತಿ ಹಿಡಿಯುವುದಿಲ್ಲ. ಗೇರ್ ಬಾಕ್ಸ್ ಕಡೆಯ ತುದಿಯಲ್ಲಿರುವ ನಟ್ ತಿರುಗಿಸಿ ಹೊಂದಿಸಬಹುದು. ಎರಡು ತುದಿಯಲ್ಲೂ ಎಳೆಗಳನ್ನು ನೋಡಿ. ಒಂದೆರಡು ಎಳೆ ಕಿತ್ತು ಮೀಸೆಯ ಹಾಗೆ ಎದ್ದಿದ್ದರೆ ಹೊಂದಿಸುತ್ತಾ ಕೂರಬೇಡಿ, ಕೇಬಲ್ ಬದಲಿಸಿ. ಅದು ಹರಿಯುವುದು ಯಾವಾಗಲೂ ಸಿಗ್ನಲ್ ಮಧ್ಯದಲ್ಲೇ.

*ಹೈಡ್ರಾಲಿಕ್.* ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ. ಎರಡು ಗೆರೆಗಳ ನಡುವೆ ಇರಬೇಕು. ಬಣ್ಣ ಹಗುರ ಹಳದಿ. ಕಾಫಿ ಡಿಕಾಕ್ಷನ್ ಥರ ಕಪ್ಪಾಗಿದ್ದರೆ ಬದಲಿಸಿ ಎಷ್ಟೋ ಕಾಲವಾಗಿದೆ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿರಬಹುದು. ಬ್ರೇಕ್ ಪ್ಯಾಡ್ ಸವೆದಾಗಲೂ ಮಟ್ಟ ನಿಧಾನಕ್ಕೆ ಇಳಿಯುತ್ತದೆ, ಅದನ್ನೂ ನೋಡಿ. ಸೋರುವ ಜಾಗ ಹುಡುಕಲು ಮೊದಲು ಡ್ರೈವರ್ ಕಾಲಿನ ಹತ್ತಿರ ಟಾರ್ಚ್ ಬಿಡಿ. ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ರಾಡ್ ಒಳಗೆ ಹೋಗುವ ಕಡೆ ಒದ್ದೆ ಇದ್ದರೆ, ಪೆಡಲಿನ ಒತ್ತನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಅಲ್ಲಿ ಒಣಗಿದ್ದರೆ ಗೇರ್ ಬಾಕ್ಸ್ ಮೇಲಿರುವ ಸ್ಲೇವ್ ಸಿಲಿಂಡರ್ ನೋಡಿ. ಅದರ ತುದಿಯ ರಬ್ಬರ್ ಟೋಪಿಯನ್ನು ಬೆರಳಿನಲ್ಲಿ ಮೆಲ್ಲಗೆ ಸರಿಸಿ. ಒಳಗಿಂದ ಹನಿ ಬಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಎರಡೂ ಒಣಗಿದ್ದರೆ ಇನ್ನೊಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ನೀವು ಸ್ಲೇವ್‌ನ ರಾಡ್ ನೋಡಿ. ಎಂಜಿನ್ ಆಫ್ ಇರಲಿ. ರಾಡ್ ಹೆಚ್ಚುಕಡಿಮೆ ಒಂದು ಸೆಂಟಿಮೀಟರಿನಷ್ಟಾದರೂ ಹೊರಗೆ ಬಂದು ಅಲ್ಲೇ ನಿಲ್ಲಬೇಕು. ಬಂದು ನಿಧಾನಕ್ಕೆ ಒಳಗೆ ಜಾರಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಆಯಿಲನ್ನು ಹಿಂದಕ್ಕೆ ಬಿಡುತ್ತಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಬ್ಲೀಡ್ ಮಾಡಬೇಕು, ಅಂದರೆ ಆ ಗಾಳಿಯನ್ನು ಹೊರಹಾಕಬೇಕು. ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ ಬಾಟಲಿಗೆ ಇಳಿಬಿಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೆ ಮಾಡಿ. ನಡುನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತದೆ, ಅದನ್ನೇ ಹಾಕಿ. ಎಂಜಿನ್ ಆಯಿಲ್ ಒಂದು ಹನಿಯೂ ಬೇಡ. ರಬ್ಬರ್ ಎಲ್ಲ ಉಬ್ಬಿ ಬ್ರೇಕಿಗೂ ಸಂಚಕಾರ ಬರುತ್ತದೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ.

ಒಂದು ಎಚ್ಚರಿಕೆ. ನಾನು ಪಂಪ್ ಮಾಡಿಕೊಂಡು ಹೋದದ್ದು ಬೇರೆ ದಾರಿ ಇರಲಿಲ್ಲ ಅಂತ, ಅದೂ ಘಾಟಿ ಹತ್ತುವ ದಿಕ್ಕಿನಲ್ಲಿ. ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ ಇರುವ ಕಾರಿನಲ್ಲಿ ಆಯಿಲ್ ಸೋರುತ್ತಿದ್ದರೆ ಮೊದಲು ಮಟ್ಟ ತುಂಬಿಸಿ, ಬ್ರೇಕ್ ಗಟ್ಟಿಯಾಗಿ ನಿಲ್ಲುತ್ತದೆಯೇ ನೋಡಿ. ಅನುಮಾನವಿದ್ದರೆ ಗಾಡಿ ಎತ್ತಲೇಬೇಡಿ.

ಹೊರಗೆ ಎಲ್ಲವೂ ಸರಿ, ರಾಡ್ ಪೂರ್ತಿ ಹೋಗುತ್ತದೆ, ಆದರೂ ಕ್ಲಚ್ ಬಿಡುತ್ತಿಲ್ಲ ಅಂದರೆ ತೊಂದರೆ ಕ್ಲಚ್ ಒಳಗೇ. ಪ್ಲೇಟ್ ಬಾಗಿರಬಹುದು, ಪ್ರೆಶರ್ ಪ್ಲೇಟಿನ ಬೆರಳು ಮುರಿದಿರಬಹುದು, ಫೋರ್ಕ್ ಸವೆದಿರಬಹುದು. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರೇ ಗೇರ್ ಬಾಕ್ಸಿನ ಒಳಬದಿಯಲ್ಲಿ ಬೇರಿಂಗ್ ಜೊತೆ ಸೇರಿಕೊಂಡಿರುತ್ತದೆ. ಅದು ಸೋರಿದರೆ ಗೇರ್ ಬಾಕ್ಸ್ ಇಳಿಸದೆ ವಿಧಿಯಿಲ್ಲ. ಮಳೆಗಾಲವಿಡೀ ನಿಂತೇ ಇದ್ದ ಕಾರಿನಲ್ಲಿ ಪ್ಲೇಟ್ ತುಕ್ಕು ಹಿಡಿದು ಫ್ಲೈವೀಲ್‌ಗೆ ಅಂಟಿಕೊಳ್ಳುವುದೂ ಉಂಟು. ಊರಲ್ಲಿ ಕಾರು ಬಿಟ್ಟು ವಿದೇಶಕ್ಕೆ ಹೋಗುವವರು ಹದಿನೈದು ದಿನಕ್ಕೊಮ್ಮೆ ಯಾರಿಂದಲಾದರೂ ಓಡಿಸಿದರೆ ಇದು ತಪ್ಪುತ್ತದೆ.

ಹಂತ 4: ಗೇರ್ ಬಿದ್ದರೂ ಗಾಡಿ ಎಳೆಯುತ್ತಿಲ್ಲ

ಇದು ಗೇರಿನ ತೊಂದರೆಯೇ ಅಲ್ಲ, ಕ್ಲಚ್ ಜಾರುತ್ತಿದೆ. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಇರುವಾಗ ಟಾಪ್ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಮತ್ತು ವೇಗ ಎರಡೂ ಜೊತೆಯಾಗಿ, ನಿಧಾನಕ್ಕೆ ಏರಬೇಕು. ಎಂಜಿನ್ ಮಾತ್ರ ಗೊಂಯ್ ಅಂತ ಕಿರುಚಿ, ವೇಗ ಅಲ್ಲೇ ಇದ್ದರೆ ಪ್ಲೇಟ್ ಸವೆದಿದೆ. ಏರಿನಲ್ಲಿ ಸುಟ್ಟ ವಾಸನೆ ಬರುವುದು, ಪೆಡಲ್ ತೀರಾ ಮೇಲೆ ಬಂದ ಮೇಲೆ ಗಾಡಿ ಹೊರಡುವುದು, ಇವೂ ಅದರದೇ ಗುರುತು. ವೈರ್ ಗಾಡಿಯಾದರೆ ಫ್ರೀ ಪ್ಲೇ ಇದೆಯೇ ಅಂತ ಒಮ್ಮೆ ನೋಡಿ. ವೈರ್ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ.

ಹಂತ 5: ಲಿವರಿನಿಂದ ಗೇರ್ ಬಾಕ್ಸ್‌ವರೆಗಿನ ದಾರಿ

ಲಿವರ್ ಸಾಂಬಾರಿನಲ್ಲಿ ಸೌಟು ಆಡಿಸಿದ ಹಾಗೆ ಸಡಿಲವಾಗಿದೆಯೇ? ಥರ್ಡ್ ಹಾಕಲು ಹೋದರೆ ಫಸ್ಟ್ ಸಿಗುತ್ತದೆಯೇ? ಎಂಜಿನ್ ಆಫ್ ಇದ್ದಾಗಲೂ ಗಟ್ಟಿಯೇ? ಹಾಗಾದರೆ ಇಲ್ಲಿ ನೋಡಿ.

ಈಗಿನ ಬಹುತೇಕ ಸಣ್ಣ ಕಾರುಗಳಲ್ಲಿ ಲಿವರಿನಿಂದ ಎರಡು ಕೇಬಲ್ ಹೊರಡುತ್ತವೆ. ಒಂದು ಎಡ-ಬಲದ ಚಲನೆಗೆ, ಇನ್ನೊಂದು ಹಿಂದೆ-ಮುಂದಿನ ಚಲನೆಗೆ. ಬಾನೆಟ್ ತೆಗೆದು ಗೇರ್ ಬಾಕ್ಸ್ ಮೇಲೆ ನೋಡಿದರೆ ಅವುಗಳ ತುದಿ ಕಾಣುತ್ತದೆ. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿ ಬಿಚ್ಚಬೇಕಾಗಬಹುದು. ತುದಿಯಲ್ಲಿ ಪ್ಲಾಸ್ಟಿಕ್ ಸಾಕೆಟ್, ಅದು ಉಕ್ಕಿನ ಗುಂಡಿನ ಮೇಲೆ ಕೂತಿರುತ್ತದೆ. ಒಬ್ಬರು ಒಳಗೆ ಗೇರ್ ಹಾಕುತ್ತಿರಲಿ, ನೀವು ಆ ಗುಂಡಿನ ಮೇಲೆ ಕಣ್ಣಿಡಿ. ಕೇಬಲ್ ಚಲಿಸಿ, ಗುಂಡು ಒಂದು ಗಳಿಗೆ ತಡವಾಗಿ ಚಲಿಸಿದರೆ ಸಾಕೆಟ್ ಸವೆದಿದೆ. ಎಂಜಿನ್ ಶಾಖಕ್ಕೆ ಈ ಪ್ಲಾಸ್ಟಿಕ್ ಸೀಳು ಬಿಡುತ್ತದೆ. ಪೂರ್ತಿ ಕಳಚಿದರೆ ಲಿವರ್ ಎಲ್ಲಿಗೆ ಬೇಕಾದರೂ ಹೋಗುತ್ತದೆ, ಗೇರ್ ಮಾತ್ರ ಬದಲಾಗುವುದಿಲ್ಲ. ದಾರಿಯಲ್ಲಿ ಹೀಗಾದರೆ ಸಾಕೆಟನ್ನು ಗುಂಡಿನ ಮೇಲೆ ಒತ್ತಿ ಕೂರಿಸಿ ಕೇಬಲ್ ಟೈ ಬಿಗಿದರೆ ಗ್ಯಾರೇಜ್‌ವರೆಗೆ ಹೋಗಬಹುದು. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಕೇಬಲ್ ಟೈ ಇಟ್ಟುಕೊಳ್ಳಿ.

ಕೇಬಲನ್ನು ಗೇರ್ ಬಾಕ್ಸ್ ಕಡೆ ಬಿಚ್ಚಿ, ಅಲ್ಲಿನ ತೋಳನ್ನು ಕೈಯಿಂದಲೇ ತಿರುಗಿಸಿ ನೋಡಿದರೆ ಸಂಶಯ ಪೂರ್ತಿ ತೀರುತ್ತದೆ. ತೋಳು ಸಲೀಸಾಗಿ ಹೋಗುತ್ತದೆ, ಲಿವರ್ ಮಾತ್ರ ಗಟ್ಟಿ ಅಂದರೆ ಕೇಬಲ್ ಒಳಗೆ ತುಕ್ಕು. ತೋಳೇ ಗಟ್ಟಿ ಇದ್ದರೆ ತೊಂದರೆ ಗೇರ್ ಬಾಕ್ಸಿನದು. ಹಳೆಯ ಕಾರುಗಳಲ್ಲಿ ಕೇಬಲ್ ಬದಲು ಕೆಳಗಡೆ ರಾಡ್ ಇರುತ್ತದೆ. ಅದರ ಬುಷ್‌ಗಳು ಕೆಸರು, ಆಯಿಲ್ ತಾಗಿ ಸವೆಯುತ್ತವೆ. ಅಗ್ಗದ ಸಾಮಾನು, ಬದಲಿಸಿದರೆ ಲಿವರ್ ಹೊಸದರಂತಾಗುತ್ತದೆ. ಅದನ್ನು ನೋಡಲು ಅಡಿಗೆ ಹೋಗಬೇಕಾದರೆ ಜ್ಯಾಕ್ ಒಂದನ್ನೇ ನಂಬಿ ದಯವಿಟ್ಟು ಹೋಗಬೇಡಿ. ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ಇದೇ ಹೊತ್ತಿನಲ್ಲಿ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನನ್ನು ಬಾಡಿಗೆ ಹಿಡಿದಿಡುವ ರಬ್ಬರ್ ಕೂಡ ನೋಡಿಬಿಡಿ. ಹ್ಯಾಂಡ್ ಬ್ರೇಕ್, ಫುಟ್ ಬ್ರೇಕ್ ಎರಡೂ ಹಿಡಿದು ಫಸ್ಟ್‌ನಲ್ಲಿ ಕ್ಲಚ್ ಕೊಂಚವೇ ಬಿಡಿ, ಆಮೇಲೆ ರಿವರ್ಸ್‌ನಲ್ಲಿ. ನೋಡುವವರು ಕಾರಿನ ಪಕ್ಕ ನಿಲ್ಲಬೇಕು, ಮುಂದೆ ಯಾವ ಕಾರಣಕ್ಕೂ ಬೇಡ. ಎಂಜಿನ್ ಒಂದು ಅಂಗುಲಕ್ಕಿಂತ ಜಾಸ್ತಿ ಎದ್ದು ಕೂತರೆ ಮೌಂಟಿಂಗ್ ಹರಿದಿದೆ. ಆಗ ಗೇರ್ ಬಾಕ್ಸೂ ಜೊತೆಗೆ ಓಲಾಡುತ್ತದೆ, ಗೇರ್ ಗಟ್ಟಿಯಾಗುತ್ತದೆ, ಕೆಲವೊಮ್ಮೆ ತಾನಾಗಿ ಕಳಚುತ್ತದೆ.

ಹಂತ 6: ಗೇರ್ ಆಯಿಲ್

ಇದಕ್ಕೆ ಎಂಜಿನ್ ಆಯಿಲಿನ ಹಾಗೆ ಕಡ್ಡಿ ಇಲ್ಲದಿರುವುದರಿಂದ ಎಷ್ಟೋ ಜನ ಮರೆತೇಬಿಡುತ್ತಾರೆ. ಕಾರನ್ನು ಸಮತಟ್ಟಾಗಿ ನಿಲ್ಲಿಸಿ ಗೇರ್ ಬಾಕ್ಸಿನ ಪಕ್ಕದಲ್ಲಿರುವ ಫಿಲ್ಲರ್ ಬೋಲ್ಟ್ ಬಿಚ್ಚಬೇಕು. ಸಾಮಾನ್ಯವಾಗಿ ಆಯಿಲ್ ಆ ತೂತಿನ ಕೆಳ ಅಂಚಿಗೆ ತಾಗುವಷ್ಟು ಇರಬೇಕು. ಬದಲಿಸುವುದಾದರೂ ಮೊದಲು ಬಿಚ್ಚಬೇಕಾದದ್ದು ಫಿಲ್ಲರ್ ಬೋಲ್ಟನ್ನೇ. ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿ ಆಯಿಲೆಲ್ಲ ಹೋದ ಮೇಲೆ ಫಿಲ್ಲರ್ ಬೋಲ್ಟ್ ತುಕ್ಕು ಹಿಡಿದು ಬರದಿದ್ದರೆ ಕಾರು ಅಲ್ಲೇ ಕೂರುತ್ತದೆ.

ಇಳಿದ ಆಯಿಲನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ಬಿಸಿಲಿಗೆ ನೋಡಿ. ಡ್ರೇನ್ ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಉಗುರಿಗೆ ಸಿಗುವ ಚೂರು ಇದ್ದರೆ ಹಲ್ಲು ಮುರಿದಿದೆ. ಆಯಿಲಿನಲ್ಲಿ ಬಂಗಾರದ ಪುಡಿ ಮಿನುಗಿದ ಹಾಗೆ ಕಂಡರೆ ಅದು ಹಿತ್ತಾಳೆ, ಸಿಂಕ್ರೋ ರಿಂಗ್ ಸವೆಯುತ್ತಿದೆ. ಹಾಲು ಬೆರೆಸಿದ ಹಾಗಿದ್ದರೆ ನೀರು ಸೇರಿದೆ. ಬೆಂಗಳೂರಿನ ಅಂಡರ್‌ಪಾಸ್ ನೀರಿನಲ್ಲಿ ಕಾರು ಮುಳುಗಿಸಿದವರು ಇದನ್ನು ನೋಡಲೇಬೇಕು. ಗೇರ್ ಬಾಕ್ಸ್ ಉಸಿರಾಡುವ ಸಣ್ಣ ತೂತಿನಿಂದ ನೀರು ಒಳಗೆ ಹೋಗುತ್ತದೆ.

ಯಾವ ಆಯಿಲ್ ಎಂಬುದರಲ್ಲಿ ಅಂದಾಜು ಬೇಡ. 75ಡಬ್ಲ್ಯೂ-80, 75ಡಬ್ಲ್ಯೂ-90, 80ಡಬ್ಲ್ಯೂ-90 ಹೀಗೆ ಹಲವು ದಪ್ಪದವು ಇವೆ. ಜೊತೆಗೆ ಜಿಎಲ್-4, ಜಿಎಲ್-5 ಎಂಬ ದರ್ಜೆ. ಜಿಎಲ್-5 ಅಂದರೆ ಮೇಲಿನದು, ಹಾಗಾಗಿ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳುವುದುಂಟು. ಆದರೆ ಸಿಂಕ್ರೋಗೆ ಗೇರನ್ನು ಹಿಡಿಯಲು ಸ್ವಲ್ಪ ಘರ್ಷಣೆ ಬೇಕು. ತೀರಾ ಜಾರುವ ಆಯಿಲ್ ಹಾಕಿದರೆ ಅದಕ್ಕೆ ಹಿಡಿತ ಸಿಗುವುದಿಲ್ಲ. ಮೇಲಾಗಿ ಜಿಎಲ್-5ರ ಕೆಲವು ಆಯಿಲುಗಳು ಹಿತ್ತಾಳೆಗೂ ಒಗ್ಗುವುದಿಲ್ಲ. ಮ್ಯಾನುಯಲ್‌ನಲ್ಲಿ ಏನಿದೆಯೋ ಅದನ್ನೇ ತನ್ನಿ. ಸಣ್ಣ ಕಾರುಗಳಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ. ಹಳೆಯ ಆಯಿಲ್ ಬದಲಿಸಿದ್ದಕ್ಕೇ ಗೇರ್ ಹಗುರವಾದ ಕಾರುಗಳನ್ನು ನಾನು ಕಂಡಿದ್ದೇನೆ.

ಹಂತ 7: ಗೇರ್ ಬಾಕ್ಸ್ ಒಳಗಿನ ತೊಂದರೆ

ಇಲ್ಲಿಯವರೆಗೆ ಎಲ್ಲ ಸರಿ ಇದ್ದು, ಒಂದೇ ಗೇರ್ ಓಡುವಾಗ ಕರ್ರ್ ಅನ್ನುತ್ತಿದೆ ಅನ್ನೋಣ. ಸೆಕೆಂಡ್ ಇರಲಿ. ಈಗ ಲಾರಿ ಡ್ರೈವರುಗಳ ವಿದ್ಯೆ. ಥರ್ಡ್‌ನಲ್ಲಿ ಗಂಟೆಗೆ 30 ಕಿ.ಮೀ. ಇದ್ದೀರಿ. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಆಕ್ಸಿಲರೇಟರಿಗೆ ಒಂದು ಪುಟ್ಟ ಒತ್ತು ಕೊಡಿ, ಎಂಜಿನ್ ಸದ್ದು ಸ್ವಲ್ಪ ಏರಲಿ. ಮತ್ತೆ ಕ್ಲಚ್ ಒತ್ತಿ ಸೆಕೆಂಡ್ ಹಾಕಿ. ಹೀಗೆ ಮಾಡಿದಾಗ ಸದ್ದಿಲ್ಲದೆ ಬಿದ್ದು, ಮಾಮೂಲಿಯಾಗಿ ಹಾಕಿದಾಗ ಕರ್ರ್ ಅಂದರೆ ಸೆಕೆಂಡ್ ಸಿಂಕ್ರೋ ಸವೆದಿರುವುದು ಹೆಚ್ಚುಕಡಿಮೆ ಖಚಿತ. ವೇಗ ಹೊಂದಿಸುವ ಅದರ ಕೆಲಸವನ್ನು ನೀವು ಮಾಡಿದಿರಿ, ಗೇರ್ ಬಿತ್ತು. ಸಿಂಕ್ರೋ ಸವೆದ ಕಾರನ್ನು ಹೀಗೇ ಓಡಿಸುತ್ತಾ ರಿಪೇರಿಗೆ ದುಡ್ಡು ಹೊಂದಿಸಿಕೊಳ್ಳಬಹುದು. ಬಲವಂತವಾಗಿ ತುರುಕುತ್ತಾ ಹೋದರೆ ಗೇರಿನ ಹಲ್ಲೂ ಹಾಳಾಗಿ ಖರ್ಚು ದುಪ್ಪಟ್ಟಾಗುತ್ತದೆ.

ಗೇರ್ ತಾನಾಗಿ ಹಾರುವುದು ಇದಕ್ಕಿಂತ ಅಪಾಯ. ಘಾಟಿ ಇಳಿಯುವಾಗ ಸೆಕೆಂಡ್ ಹಾರಿ ನ್ಯೂಟ್ರಲ್ ಆದರೆ ಎಂಜಿನ್ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮೌಂಟಿಂಗ್, ಕೇಬಲ್ ಸರಿ ಇದ್ದೂ ಹಾರುತ್ತಿದ್ದರೆ ಸ್ಲೀವಿನ ಹಲ್ಲು, ಸ್ಲೀವನ್ನು ಸರಿಸುವ ಸೆಲೆಕ್ಟರ್ ಫೋರ್ಕ್, ಅಥವಾ ಗೇರನ್ನು ಜಾಗದಲ್ಲಿ ಹಿಡಿಯುವ ಗುಂಡು-ಸ್ಪ್ರಿಂಗ್ ಸವೆದಿರುತ್ತದೆ. ಕೈಯಲ್ಲಿ ಲಿವರ್ ಹಿಡಿದುಕೊಂಡು ಓಡಿಸುವುದು ಇದಕ್ಕೆ ಔಷಧಿಯಲ್ಲ. ಫೋರ್ಕ್ ಮತ್ತಷ್ಟು ಬೇಗ ಸವೆಯುತ್ತದೆ.

ಸದ್ದಿನಿಂದಲೂ ಬಹಳ ಗೊತ್ತಾಗುತ್ತದೆ. ನ್ಯೂಟ್ರಲ್‌ನಲ್ಲಿ ಸದ್ದು ಬರುತ್ತದೆ, ಕ್ಲಚ್ ಒತ್ತಿದರೆ ನಿಲ್ಲುತ್ತದೆ ಅಂದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒಂದೇ ಗೇರಿನಲ್ಲಿ ಗುಂಯ್ ಅಂದರೆ ಆ ಗೇರಿನ ಹಲ್ಲು. ಎಲ್ಲಾ ಗೇರಿನಲ್ಲೂ, ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ವೇಗದ ಜೊತೆ ಏರುವ ಸದ್ದಾದರೆ ಗೇರ್ ಬಾಕ್ಸ್ ಬಿಚ್ಚುವ ಮೊದಲು ವೀಲ್ ಬೇರಿಂಗ್ ನೋಡಿಸಿ.

ಗ್ಯಾರೇಜಿನಲ್ಲಿ ಮಾತಾಡುವಾಗ

"ಗೇರ್ ಪ್ರಾಬ್ಲಮ್" ಅನ್ನುವ ಬದಲು ಹೀಗೆ ಹೇಳಿ: "ಎಂಜಿನ್ ಆಫ್ ಇದ್ರೆ ಎಲ್ಲಾ ಗೇರ್ ಬೀಳುತ್ತೆ. ಆನ್ ಆದ್ರೆ ಫಸ್ಟ್, ರಿವರ್ಸ್ ಬೀಳಲ್ಲ. ಪಂಪ್ ಮಾಡಿದ್ರೆ ಬೀಳುತ್ತೆ." ಒಳ್ಳೆಯ ಮೆಕ್ಯಾನಿಕ್ ಇಷ್ಟು ಕೇಳಿದರೆ ನೇರವಾಗಿ ಸ್ಲೇವ್ ಸಿಲಿಂಡರ್ ಕಡೆ ಬಗ್ಗುತ್ತಾರೆ. ಏನನ್ನೂ ಪರೀಕ್ಷೆ ಮಾಡದೆ ಇಳಿಸಬೇಕು ಅಂದರೆ, ಯಾಕೆ ಅಂತ ಕೇಳುವುದು ನಿಮ್ಮ ಹಕ್ಕು. ಕಾರಣ ಹೇಳದಿದ್ದರೆ ಇನ್ನೊಬ್ಬರಿಗೆ ತೋರಿಸಿ.

ನಿಜವಾಗಿಯೂ ಇಳಿಸಲೇಬೇಕಾಗಿ ಬಂದರೆ ಅರ್ಧ ಕೆಲಸ ಮಾಡಿಸಬೇಡಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿ. ಪ್ಲೇಟ್ ಮಾತ್ರ ಹಾಕಿಸಿ ಆರು ತಿಂಗಳಿಗೆ ಬೇರಿಂಗ್ ಕಿರುಚಿದರೆ ಇಳಿಸುವ ಕೂಲಿ ಮತ್ತೆ ಕೊಡಬೇಕು. ಫ್ಲೈವೀಲ್ ಮೇಲೆ ಗೀರು, ಸುಟ್ಟ ಕಲೆ ಇದೆಯೇ, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದೆಯೇ ಅಂತ ಆಗಲೇ ಕಣ್ಣಾರೆ ನೋಡಿ. ಹೊಸ ಪ್ಲೇಟಿಗೆ ಆಯಿಲ್ ತಾಗಿದರೆ ಗಾಡಿ ಹೊರಡುವಾಗ ಗಡಗಡ ನಡುಗುತ್ತದೆ. ತೆಗೆದ ಹಳೆಯ ಸಾಮಾನುಗಳನ್ನು ಕೇಳಿ ಪಡೆಯಿರಿ. ಮೂಡಿಗೆರೆಯ ಆ ರಬ್ಬರ್ ಕಪ್ ಇವತ್ತಿಗೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ಕಾರು ವಾಪಸ್ ತೆಗೆದುಕೊಳ್ಳುವಾಗ ಗ್ಯಾರೇಜಿನ ಅಂಗಳದಲ್ಲೇ ಹಂತ 2ರ ಪರೀಕ್ಷೆ ಮಾಡಿ, ಆಮೇಲೆ ಐದು ಎಣಿಸಿ ರಿವರ್ಸ್ ಹಾಕಿ. ಹೊಸ ಕ್ಲಚ್ ಹಾಕಿಸಿದ್ದರೆ ಪೆಡಲ್ ಹಗುರವಾಗಿರುತ್ತದೆ, ಗಾಡಿ ಹೊರಡುವ ಜಾಗವೂ ಬದಲಾಗಿರುತ್ತದೆ, ಮೊದಲ ದಿನ ಒಂದೆರಡು ಸಲ ಎಂಜಿನ್ ನಿಲ್ಲಬಹುದು. ಮೊದಲ ಕೆಲವು ನೂರು ಕಿಲೋಮೀಟರ್ ಹಾಫ್ ಕ್ಲಚ್‌ನಲ್ಲಿ ಏರು ಹತ್ತಿಸಬೇಡಿ, ಪ್ಲೇಟ್ ಸರಿಯಾಗಿ ಕೂರಲಿ. ಏರಿನಲ್ಲಿ ನಿಂತಾಗ ಕ್ಲಚ್‌ನಿಂದ ಗಾಡಿ ಹಿಡಿಯುವ ಅಭ್ಯಾಸವಿದ್ದರೆ ಇವತ್ತಿನಿಂದ ಹ್ಯಾಂಡ್ ಬ್ರೇಕ್ ಎಳೆಯಿರಿ, ಎಡಗಾಲನ್ನು ಪೆಡಲ್ ಪಕ್ಕದಲ್ಲಿಡಿ.